ದೊಡ್ಡ ನಾಯಿ ಅಂದ ಕೂಡಲೇ ಎಲ್ಲರಿಗೂ ತೋಟವೇ ಯಾಕೆ ನೆನಪಾಗುತ್ತೆ?

"ಮೇಡಂ, ಇದನ್ನ ಯಾರಾದ್ರೂ ತೋಟ ಇರೋರಿಗೆ ಕೊಟ್ಬಿಡಿ. ಆರಾಮಾಗಿ ಇರತ್ತೆ."

ಇವತ್ತು ಬೆಳಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಈ ಮಾತು ಬಂತು. ಹೇಳಿದವರು ನಮ್ಮ ಬೀದಿಯವರೇ. ಒಳ್ಳೆಯವರೇ. ಗೇಟಿನಾಚೆ ನಿಂತು ನಂಜಿಯನ್ನು "ಅಯ್ಯೋ ಪಾಪ" ಅಂತ ನೋಡುತ್ತಲೇ ಹೇಳಿದರು. ನಾನು ನಕ್ಕು ಸುಮ್ಮನಾದೆ. ಎದುರಿಗೆ ನಕ್ಕು, ಆಮೇಲೆ ಇಲ್ಲಿ ಬಂದು ಕೂಗಾಡುವುದು ನನ್ನ ಹಳೇ ಚಾಳಿ, ನಿಮಗೆ ಗೊತ್ತಿರೋದೇ.

ನಂಜಿ ಯಾರು ಅಂತ ಹೊಸಬರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗ್ರೇಟ್ ಡೇನ್ ಅನ್ನೋ ದೊಡ್ಡ ತಳಿಯ ನಾಯಿ. ಹೆಣ್ಣು. ನಂಜನಗೂಡು ರಸ್ತೆ ಬದಿಯಲ್ಲಿ ಸಿಕ್ಕಿದಳು, ಹಾಗಾಗಿ ನಂಜಿ. ಕತ್ತಿನಲ್ಲಿ ಒಂದು ನೈಲಾನ್ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ. ಡಾಕ್ಟರು ಹಲ್ಲು ನೋಡಿ ಐದಾರು ವರ್ಷ ಇರಬಹುದು ಅಂದರು. ಮೊಲೆಗಳು ಜೋತು ಬಿದ್ದಿವೆ. ಎರಡೂ ಮೊಣಕೈಯಲ್ಲಿ ಕೂದಲು ಉದುರಿ ಚರ್ಮ ದಡ್ಡುಗಟ್ಟಿದೆ. ಇಷ್ಟು ಭಾರದ ನಾಯಿ ವರ್ಷಗಟ್ಟಲೆ ಬರೀ ಸಿಮೆಂಟ್ ನೆಲದ ಮೇಲೆ ಮಲಗಿದರೆ ಹೀಗೇ ಆಗುವುದು. ಮರಿ ಮಾರುವವರ ಹತ್ತಿರ ಇದ್ದವಳು, ಮರಿ ಹಾಕುವುದು ನಿಂತ ಮೇಲೆ ರಸ್ತೆಗೆ ಬಂದವಳು ಅಂತ ಊಹಿಸಲು ಪತ್ತೇದಾರರು ಬೇಕಿಲ್ಲ. ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು, ಇಡೀ ಜೀವಮಾನಕ್ಕೆ ಐದು ಸೂಲು ದಾಟಬಾರದು ಅಂತ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಿಯಮ ಅದರ ಪಾಡಿಗೆ ಇದೆ. ನಂಜಿ ನಮ್ಮ ವರಾಂಡದಲ್ಲಿ ಇದ್ದಾಳೆ.

ಈಗ ತೋಟದ ವಿಷಯಕ್ಕೆ ಬರೋಣ.

ಇವಳಿಗೆ ಮನೆ ಬೇಕು ಅಂತ ಫೋಟೋ ಹಾಕಿದಾಗಿನಿಂದ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ತೋಟದವು. ಉಳಿದಿದ್ದು ಕೋಳಿ ಫಾರಂ, ಶುಂಠಿ ಹೊಲ, ಕಟ್ಟುತ್ತಿರುವ ಬಿಲ್ಡಿಂಗು. ಒಬ್ಬರು ಅಡಿಕೆ ಒಣ ಹಾಕುವ ಅಂಗಳ ಕಾಯೋಕೆ ಅಂದರು. ಎಲ್ಲರ ಮೊದಲ ಪ್ರಶ್ನೆ ಒಂದೇ: "ಕಚ್ಚುತ್ತಾ?" ಇಲ್ಲ ಅಂದರೆ ದನಿ ಇಳಿದುಹೋಗುತ್ತದೆ. "ಬೊಗಳೋದಾದ್ರೂ ಬೊಗಳುತ್ತಾ?" ಅದೂ ಅಪರೂಪ ಅಂದರೆ ಫೋನ್ ಕಟ್. ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಯಾವುದಕ್ಕೆ ಹೆದರುತ್ತೆ ಅಂತ ಕೇಳಿದವರು ಇಲ್ಲವೇ ಇಲ್ಲ ಅನ್ನಬಹುದು. ನಾನು ನಾಯಿಗೆ ಮನೆ ಹುಡುಕುತ್ತಿದ್ದೀನಾ, ಸೆಕ್ಯೂರಿಟಿ ಏಜೆನ್ಸಿ ನಡೆಸುತ್ತಿದ್ದೀನಾ ಅಂತ ನನಗೇ ಅನುಮಾನ ಬಂದಿದೆ.

ತೋಟ ಅಂದರೆ ಏನು ಅಂತ ಗೊತ್ತಿಲ್ಲದ ಪೇಟೆಯವಳು ಮಾತಾಡುತ್ತಿದ್ದಾಳೆ ಅಂದುಕೊಳ್ಳಬೇಡಿ. ನಾನು ಅರಸೀಕೆರೆ ಕಡೆ ತೆಂಗಿನ ತೋಟದಲ್ಲೇ ಬೆಳೆದವಳು. ನಮ್ಮಲ್ಲೂ ನಾಯಿ ಇರುತ್ತಿದ್ದವು. ಅಲ್ಲೇ ಹುಟ್ಟಿ, ಅಲ್ಲೇ ಓಡಾಡಿ, ಮುದ್ದೆ ಸಾರು ತಿಂದು, ಹಾವು ಕಂಡರೆ ಎಷ್ಟು ದೂರ ನಿಲ್ಲಬೇಕು ಅಂತ ತಾಯಿಯಿಂದ ಕಲಿತ ನಾಟಿ ನಾಯಿಗಳು. ಅವಕ್ಕೆ ತೋಟ ಒಗ್ಗುತ್ತದೆ. ಗ್ರೇಟ್ ಡೇನ್‌ಗೆ ಅದು ಯಾವುದೂ ಗೊತ್ತಿಲ್ಲ. ಮೈಮೇಲೆ ಬೆರಳ ಉಗುರಿನಷ್ಟೂ ಉದ್ದವಿಲ್ಲದ ಕೂದಲು. ಡಿಸೆಂಬರ್ ಚಳಿಗೆ ಗಡಗಡ ನಡುಗುತ್ತದೆ. ಉಣ್ಣೆ ಹುಳ ಹತ್ತಿದರೆ ಟಿಕ್ ಫೀವರು, ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ದಿನಾ ಮೈ ಸವರುವವರಿಗೆ ಮಾತ್ರ ಅದು ಬೇಗ ಗೊತ್ತಾಗುವುದು. ವಾರಕ್ಕೊಮ್ಮೆ ಬರುವ ಓನರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕಿಂತ ಭಯಾನಕ ಇನ್ನೊಂದಿದೆ. ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ, ಜಠರ ತಿರುಚಿಕೊಳ್ಳುವ ತೊಂದರೆ ಇರುತ್ತದೆ. ಗ್ರೇಟ್ ಡೇನ್‌ಗಳಲ್ಲಂತೂ ತುಂಬಾ ಜಾಸ್ತಿ. ವಾಂತಿ ಬಂದ ಹಾಗೆ ಮಾಡುತ್ತವೆ, ಏನೂ ಬರುವುದಿಲ್ಲ, ಹೊಟ್ಟೆ ಬಿಗಿದುಕೊಳ್ಳುತ್ತದೆ. ಕೆಲವೇ ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಮುಗೀತು. ರಾತ್ರಿ ಹತ್ತಕ್ಕೆ ಶುರುವಾದರೆ ತೋಟದ ಶೆಡ್ಡಿನಲ್ಲಿ ನೋಡುವವರು ಯಾರು? ಬೆಳಗ್ಗೆ ವಾಚ್‌ಮನ್ ಬಂದು "ಸಾರ್, ನಾಯಿ ಹೋಗ್ಬಿಟ್ಟಿದೆ" ಅಂತ ಫೋನ್ ಮಾಡುತ್ತಾನೆ. ಅಷ್ಟೇ.

ಇನ್ನು ಚಿರತೆ. ನಮ್ಮ ಮೈಸೂರು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಟಿ. ನರಸೀಪುರ ತಾಲ್ಲೂಕಿನಲ್ಲಿ 2022-23ರಲ್ಲಿ ಮನುಷ್ಯರನ್ನೇ ಬಿಡಲಿಲ್ಲ. ಊರಂಚಿಗೆ ಬರುವ ಚಿರತೆಗೆ ನಾಯಿ ಅಂದರೆ ಪ್ರಾಣ. ಬಿಡಾಡಿ ನಾಯಿ ಓಡಿಯಾದರೂ ಹೋದೀತು. ಸರಪಳಿ ಹಾಕಿ ಕಟ್ಟಿದ ನಾಯಿ ಎಲೆ ಹಾಕಿ ಬಡಿಸಿದ ಊಟ ಇದ್ದ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ಹೋದ ಭಾನುವಾರ ಒಂದು ತೋಟ ನೋಡಲು ಹೋಗಿದ್ದೆ. ಎಚ್.ಡಿ. ಕೋಟೆ ರಸ್ತೆ ಕಡೆ. ಫೋನಲ್ಲಿ ಆತ ಬಹಳ ಮರ್ಯಾದೆಯಿಂದ ಮಾತಾಡಿದ್ದರು. "ನೀವೇ ಬಂದು ನೋಡಿ ಮೇಡಂ, ನಾಲ್ಕು ಎಕರೆ, ಫುಲ್ ಫ್ರೀಡಂ" ಅಂದಿದ್ದರು. ಹೋದೆವು. ಎಳನೀರು ಕೊಟ್ಟರು. ಎಳನೀರು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಾಯಿ ಎಲ್ಲಿರುತ್ತೆ ಅಂತ ಕೇಳಿದೆ. ಪಂಪ್‌ಹೌಸ್ ಪಕ್ಕದ ಹುಣಸೇಮರ ತೋರಿಸಿದರು. ಅದರ ಬುಡದಲ್ಲಿ ಅಡ್ಡ ಮಲಗಿಸಿದ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮರದ ಸುತ್ತ, ನನ್ನ ಮೊಣಕಾಲಿಗಿಂತ ಸ್ವಲ್ಪ ಕೆಳಗೆ, ತೊಗಟೆ ಸವೆದು ನುಣ್ಣಗೆ ಒಂದು ಉಂಗುರ. ಸರಪಳಿ ಸುತ್ತಿ ಸುತ್ತಿ ಆಗಿದ್ದು. ಅದರಾಚೆ ಮಣ್ಣಿನಲ್ಲಿ ಇನ್ನೊಂದು ಉಂಗುರ, ಹುಲ್ಲು ಒಂದು ಕಡ್ಡಿ ಇಲ್ಲ. ನಾಲ್ಕು ಎಕರೆಯಲ್ಲಿ ಆ ನಾಯಿಗೆ ಸಿಕ್ಕಿದ್ದು ಅಷ್ಟೇ.

"ಮುಂಚೆ ಇದ್ದ ನಾಯಿ ಏನಾಯ್ತು ಸಾರ್?"

"ಹೋಯ್ತು."

"ಹೆಂಗೆ?"

"ಹಂಗೇ."

ನಮ್ಮನೆಯವರು ನನ್ನ ಕೈ ಹಿಡಿದು ಕಾರಿಗೆ ಕರಕೊಂಡು ಬಂದರು. ನನ್ನ ಬಾಯಿ ಅವರಿಗೆ ಗೊತ್ತಲ್ಲ.

ಹೀಗೆ ಇಡೀ ದಿನ ಕಟ್ಟಿ ಹಾಕುವುದು ಕಾನೂನಿನ ಪ್ರಕಾರ ಹಿಂಸೆಯೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ, ಸದಾ ಕಟ್ಟಿ ಹಾಕಿದ ನಾಯಿಯನ್ನು ಓಡಾಡಿಸದಿರುವುದನ್ನೂ, ಸಾಕಿದ ಪ್ರಾಣಿಯನ್ನು ನೋವಿಗೆ ನೂಕಿ ಬಿಟ್ಟು ಹೋಗುವುದನ್ನೂ ಹೆಸರಿಸಿಯೇ ಹೇಳಿದ್ದಾರೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ನಂಜಿಯನ್ನು ರಸ್ತೆಯಲ್ಲಿ ಬಿಟ್ಟವರು ಅವಳ ಒಂದೊಂದು ಮರಿಗೂ ಸಾವಿರಗಟ್ಟಲೆ ಎಣಿಸಿಕೊಂಡಿರುತ್ತಾರೆ. ಐವತ್ತು ರೂಪಾಯಿ ಚಿಲ್ಲರೆ ಇಟ್ಟುಕೊಂಡು ಬಿಟ್ಟು ಹೋಗಬಹುದಿತ್ತು.

ಈಗ ಕೆಲವರು ಕಾಮೆಂಟಿಗೆ ಕೈ ಹಾಕಿರುತ್ತೀರಿ, ಗೊತ್ತು. "ಎಲ್ಲಾ ತೋಟದವರೂ ಹಾಗಲ್ಲ." ಹೌದು ಸ್ವಾಮಿ, ಅಲ್ಲ. ತೀರ್ಥಹಳ್ಳಿ ಹತ್ತಿರ ನನ್ನ ಗೆಳತಿಯ ಮನೆಯಲ್ಲಿ ನಾಯಿಗಳು ಜಗಲಿ ಮೇಲೆ ಮಲಗುತ್ತವೆ, ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಮಲಗುತ್ತವೆ, ಅವಳ ಅಪ್ಪ ಸ್ನಾನಕ್ಕೆ ಹೋಗಬೇಕಾದರೆ ಅವನ್ನು ದಾಟಿಕೊಂಡು ಹೋಗುತ್ತಾರೆ. ಅಂಥವರು ಫೋನ್ ಮಾಡಿದರೆ ನಾನೇ ಕರಕೊಂಡು ಹೋಗಿ ಬಿಟ್ಟು ಬರುತ್ತೇನೆ. ಆದರೆ ಅವರು ಫೋನ್ ಮಾಡುವುದಿಲ್ಲ. ಅವರ ಮನೆಯಲ್ಲಿ ಆಗಲೇ ನಾಲ್ಕು ನಾಯಿ ಇರುತ್ತವೆ. ಫೋನ್ ಮಾಡುವವರು ಕುವೆಂಪುನಗರದಲ್ಲಿ ಮನೆ, ಭಾನುವಾರಕ್ಕೊಂದು ತೋಟ ಇಟ್ಟುಕೊಂಡವರು.

ಇದರ ಜೊತೆಗೇ ಬರುವ ಇನ್ನೊಂದು ಮಾತು: "ಫ್ಲ್ಯಾಟ್‌ನಲ್ಲಿ ಅಷ್ಟು ದೊಡ್ಡ ನಾಯಿ ಪಾಪ ಅಲ್ವಾ?" ಇಲ್ಲ. ನೀವು ಗ್ರೇಟ್ ಡೇನ್ ಜೊತೆ ಒಂದು ಮಧ್ಯಾಹ್ನ ಕಳೆದಿಲ್ಲ ಅಂತ ಅರ್ಥ. ಇಷ್ಟು ಸೋಮಾರಿ ಪ್ರಾಣಿಯನ್ನು ನಾನು ಬೇರೆ ನೋಡಿಲ್ಲ. ಬೆಳಗ್ಗೆ ಸಂಜೆ ಒಂದೊಂದು ವಾಕು, ಉಳಿದ ಹೊತ್ತು ನಿದ್ದೆ. ಅವಳಿಗೆ ಬೇಕಾದ ಜಾಗ ಒಂದು ದಪ್ಪ ಹಾಸಿಗೆಯಷ್ಟು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ. ಸಂಜೆ ಅತ್ತೆ ಸೀರಿಯಲ್ ನೋಡಲು ಕೂತರೆ ಇವಳು ಹಿಂದಿನ ಭಾಗವನ್ನು ಸೋಫಾ ಮೇಲೆ ಇಟ್ಟು, ಮುಂದಿನ ಎರಡು ಕಾಲು ನೆಲಕ್ಕೆ ಊರಿ, ಮನೆಗೆ ಬಂದ ನೆಂಟರ ಥರ ಕೂರುತ್ತಾಳೆ. ಆಮೇಲೆ ಮೆಲ್ಲಗೆ ಇಡೀ ಭಾರ ಅತ್ತೆಯ ಭುಜದ ಮೇಲೆ ಬಿಡುತ್ತಾಳೆ. ಅತ್ತೆ "ಥೂ, ಆಚೆ ಹೋಗೇ ಮಾರಾಯ್ತಿ" ಅನ್ನುತ್ತಾರೆ. ಆಚೆ ಕಳಿಸುವುದಿಲ್ಲ. ಇವಳನ್ನು ಶೆಡ್ಡಿಗೆ ಕಟ್ಟಿದರೆ ಏನಾಗುತ್ತೆ ಅಂತ ನಾನು ಹೇಳಬೇಕಾ?

ಮೈಸೂರಿನಲ್ಲೇ ಒಬ್ಬ ಗಂಡ ಹೆಂಡತಿ ಬಂದು ನೋಡಿ ಹೋಗಿದ್ದರು. ಇಬ್ಬರಿಗೂ ಮನೆಯಿಂದಲೇ ಕೆಲಸ. ಗ್ರೌಂಡ್ ಫ್ಲೋರ್. ಹುಡುಗಿ ಬಂದವಳೇ ನೆಲದ ಮೇಲೆ ಕೂತಳು, ನಂಜಿ ತಾನಾಗಿ ಹೋಗಿ ಅವಳಿಗೆ ಒರಗಿ ನಿಂತಳು. ನಾನು ಮನಸ್ಸಿನಲ್ಲೇ ಹಾಸಿಗೆ ಪ್ಯಾಕ್ ಮಾಡಿದ್ದೆ. ಎರಡು ದಿನಕ್ಕೆ ಫೋನ್: "ಸಾರಿ ಅಕ್ಕ, ಅಸೋಸಿಯೇಷನ್‌ನವರು ದೊಡ್ಡ ನಾಯಿ ಬೇಡ ಅಂತಿದ್ದಾರೆ." ಯಾವ ಅಧಿಕಾರದಲ್ಲಿ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕುವುದನ್ನು ನಿಷೇಧಿಸುವ ಹಾಗಿಲ್ಲ, ಬಹುಮತದಿಂದ ಠರಾವು ಮಾಡಿದರೂ ಇಲ್ಲ, ತಳಿ, ಗಾತ್ರ ನೋಡಿ ತಡೆಯುವ ಹಾಗೂ ಇಲ್ಲ. ಅದನ್ನು ಕಳಿಸಿಕೊಟ್ಟೆ. "ಗೊತ್ತು ಅಕ್ಕ, ಆದರೆ ಬಾಡಿಗೆ ಮನೆ, ಓನರ್ ಜೊತೆ ಜಗಳ ಯಾಕೆ" ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಸಂಘದ ಕಾರ್ಯದರ್ಶಿ ಮೇಲೆ ಬಂತು. ಆತ ಅವಳಿಗೆ ಕೊಟ್ಟ ಸಲಹೆ ಏನು ಗೊತ್ತಾ? "ಅಂಥ ನಾಯಿ ಎಲ್ಲ ತೋಟಕ್ಕೆ ಸರಿಮ್ಮಾ." ನೋಡಿ, ಎಲ್ಲಿ ಹೋದರೂ ಅಲ್ಲಿಗೇ.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಮೂರು ತಳಿ ಅಪಾಯಕಾರಿ ಅಂತ ರಾಜ್ಯಗಳಿಗೆ ಪತ್ರ ಬರೆದಿದ್ದು ನೆನಪಿದೆಯಾ? ನಮ್ಮ ಹೈಕೋರ್ಟು ಏಪ್ರಿಲ್‌ನಲ್ಲೇ ಅದನ್ನು ರದ್ದು ಮಾಡಿತು. ಗ್ರೇಟ್ ಡೇನ್ ಅನ್ನೋ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಜನರ ತಲೆಯಲ್ಲಿ ಉಳಿದಿದ್ದು ರದ್ದಾಗಿದ್ದಲ್ಲ, ಪಟ್ಟಿ. "ಇದು ಬ್ಯಾನ್ ಆಗಿರೋದಲ್ವಾ?" ಅಂತ ಈಗಲೂ ಕೇಳುತ್ತಾರೆ, ನಂಜಿ ನಮ್ಮ ಬೆಕ್ಕು ಹಿಸ್ ಅಂದಿದ್ದಕ್ಕೆ ಬಾಗಿಲ ಹಿಂದೆ ಅಡಗಿ ನಿಂತಿರುವಾಗ.

ಬೆಕ್ಕು ಅಂದಾಗ ಒಂದು ವಿಷಯ. ನನ್ನನ್ನು ಯಾರೋ "ಶ್ವಾನಪ್ರೇಮಿ" ಅಂತ ಟ್ಯಾಗ್ ಮಾಡಿದ್ದಾರೆ. ದಯವಿಟ್ಟು ಬೇಡ. ನಾನು ಬೆಕ್ಕಿನವಳು. ನಾಯಿ ವಾಸನೆ ನನಗೆ ಈಗಲೂ ಆಗಿಬರುವುದಿಲ್ಲ. ನಂಜಿ ತಲೆ ಕೊಡವಿದರೆ ಜೊಲ್ಲು ಗೋಡೆಗೆ ಹಾರುತ್ತದೆ, ಒಂದು ಸಲ ದೇವರ ಮನೆ ಬಾಗಿಲಿಗೇ ಹಾರಿತು, ಅತ್ತೆ ಅವತ್ತು ನನ್ನ ಜೊತೆ ಮಾತಾಡಲಿಲ್ಲ. ಅವಳಿಗೆ ಮುತ್ತು ಕೊಡೋದು, "ಮಗಳೇ" ಅನ್ನೋದು ನನ್ನಿಂದ ಆಗುವುದಿಲ್ಲ. "ನೀವೇ ಇಟ್ಟುಕೊಳ್ಳಿ" ಅಂತ ಹೇಳುವವರಿಗೂ ಇದೇ ಉತ್ತರ: ಮನೆಯಲ್ಲಿ ಮೂರು ಬೆಕ್ಕು, ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ಇವಳು ಪ್ರೀತಿಯಿಂದ ಒಂದು ಸಲ ಜೋರಾಗಿ ಒರಗಿದರೆ ಮತ್ತೆ ಆಸ್ಪತ್ರೆ. ಒಂದು ಜೀವಕ್ಕೆ ನ್ಯಾಯವಾದ ಜಾಗ ಸಿಗಲಿ ಅನ್ನೋಕೆ ಆ ಜೀವವನ್ನು ಮುದ್ದಾಡಲೇಬೇಕು ಅಂತೇನಿಲ್ಲ.

ಖರ್ಚಿನ ಬಗ್ಗೆ ಮುಚ್ಚಿಡುವುದಿಲ್ಲ. ದೊಡ್ಡ ನಾಯಿಗೆ ಎಲ್ಲವೂ ತೂಕದ ಲೆಕ್ಕ. ಹುಳದ ಮಾತ್ರೆ ಹತ್ತು ಕೆಜಿಗೆ ಒಂದು, ಹಾಗಾಗಿ ಬೀದಿ ನಾಯಿಗೆ ಒಂದೋ ಎರಡೋ ಸಾಕಾದರೆ ಇವಳಿಗೆ ನಾಲ್ಕು. ಇನ್ನೂ ಮೈ ತುಂಬಿಕೊಳ್ಳಬೇಕು, ಆಗ ಐದು. ಅನ್ನ, ಮೂಳೆ ತೆಗೆದು ಬೇಯಿಸಿದ ಕೋಳಿ, ಮೊಟ್ಟೆ, ಇಷ್ಟು ಕ್ಯಾರೆಟ್ಟು. ಮೂರು ಹೊತ್ತು ಸ್ವಲ್ಪ ಸ್ವಲ್ಪ ಕೊಡಬೇಕು, ತಿಂದ ಮೇಲೆ ಓಡಿಸಬಾರದು. ಈ ತಳಿಗೆ ಆಯಸ್ಸೇ ಏಳರಿಂದ ಹತ್ತು ವರ್ಷ, ಇವಳದು ಅರ್ಧಕ್ಕಿಂತ ಜಾಸ್ತಿ ಸಿಮೆಂಟ್ ಮೇಲೆ ಕಳೆದುಹೋಗಿದೆ. ಇನ್ನು ಮೂರೋ ನಾಲ್ಕೋ ವರ್ಷಕ್ಕೆ ತಯಾರಿದ್ದವರು ಮಾತ್ರ ಬನ್ನಿ. ಮರಿ ಹಾಕಿಸೋ ಯೋಚನೆ ಇದ್ದವರು ಬರಬೇಡಿ, ಆಪರೇಷನ್ ಆಗಿದೆ. ವ್ಯಾಕ್ಸಿನ್ ಎಲ್ಲ ಆಗಿದೆ, ಕಾರ್ಡು ಇದೆ.

ಮೆಟ್ಟಿಲು ಕಷ್ಟ ಅವಳಿಗೆ, ಹಾಗಾಗಿ ಗ್ರೌಂಡ್ ಫ್ಲೋರ್ ಅಥವಾ ಲಿಫ್ಟ್ ಇರುವ ಮನೆ. ಮನೆ ಚಿಕ್ಕದಿದ್ದರೂ ಸೈ, ಹಗಲು ಯಾರಾದರೂ ಇರಬೇಕು. ಮಕ್ಕಳಿರುವ ಮನೆಯಾದರೆ ತುಂಬಾ ಪುಟಾಣಿಗಳು ಬೇಡ, ಬಾಲ ಬೀಸಿದರೆ ಬಿದ್ದುಬಿಡುತ್ತಾರೆ. ನಾನು ಮನೆಗೆ ಬಂದು ನೋಡುತ್ತೇನೆ, ಕೊಟ್ಟ ಮೇಲೂ ಬಂದು ನೋಡುತ್ತೇನೆ, ಅದು ಅವಮಾನ ಅನ್ನಿಸುವವರು ಈಗಲೇ ಬಿಟ್ಟುಬಿಡಿ. ಮೈಸೂರು, ಮಂಡ್ಯ, ಬೆಂಗಳೂರು ಆದರೆ ನಮ್ಮ ಕಾರಲ್ಲೇ ತಂದು ಬಿಡುತ್ತೇವೆ, ಹಾಸಿಗೆ ಸಮೇತ. ಮೆಸೆಂಜರಿನಲ್ಲಿ "ಇಂಟರೆಸ್ಟೆಡ್" ಅಂತ ಒಂದೇ ಪದ ಹಾಕಿ ಮಾಯವಾಗಬೇಡಿ. ನೀವು ಯಾರು, ಮನೆಯಲ್ಲಿ ಯಾರ್ಯಾರು ಇದ್ದೀರಿ, ರಾತ್ರಿ ಅವಳು ಎಲ್ಲಿ ಮಲಗುತ್ತಾಳೆ, ಇಷ್ಟು ಬರೆದು ಕಳಿಸಿ. ಸಂಜೆ ಸೀರಿಯಲ್ ಮುಗಿದ ಮೇಲೆ ನಾನೇ ಫೋನ್ ಮಾಡುತ್ತೇನೆ.