ವಾಗ್ನರ್ ಸಿನಿಮಾ, ವಾಗ್ನರ್ ಸಂಗೀತ ಮಾತ್ರ ನಾಪತ್ತೆ

ಸಂಗೀತಗಾರನ ಬದುಕಿನ ಮೇಲೆ ಮೂಕಿ ಸಿನಿಮಾ ಅಂದರೆ ಮೊದಲು ನಗು ಬರುತ್ತದೆ, ಅಲ್ವಾ? ಆದರೆ ಆಗ ಥಿಯೇಟರುಗಳು ಸದ್ದಿಲ್ಲದೆ ಇರುತ್ತಿರಲಿಲ್ಲ. ಪರದೆಯ ಹತ್ತಿರ ಒಬ್ಬ ಪಿಯಾನೊ ನುಡಿಸುತ್ತಿದ್ದ. ದೊಡ್ಡ ಊರಾದರೆ ಆರ್ಕೆಸ್ಟ್ರಾವೇ ಕೂರುತ್ತಿತ್ತು.

ನಾನು ಹೇಳಹೊರಟಿದ್ದು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳನ್ನು ಬರೆದ ಜರ್ಮನ್ ಸಂಗೀತಗಾರ ರಿಚರ್ಡ್ ವಾಗ್ನರ್ ಮೇಲೆ ಜರ್ಮನಿಯಲ್ಲಿ 1913ರಲ್ಲಿ ಬಂದ ಸಿನಿಮಾದ ಬಗ್ಗೆ. ನಮ್ಮಲ್ಲಿ ಫಾಲ್ಕೆಯವರ ಹರಿಶ್ಚಂದ್ರ ಬಂದಿದ್ದೂ ಅದೇ ವರ್ಷ. ನಿರ್ಮಾಪಕ ಆಸ್ಕರ್ ಮೆಸ್ಟರ್, ನಿರ್ದೇಶಕರಲ್ಲಿ ಒಬ್ಬ ಕಾರ್ಲ್ ಫ್ರೋಲಿಶ್. ಕಥೆಗೇನೂ ಬರವಿರಲಿಲ್ಲ. 1849ರ ಡ್ರೆಸ್ಡನ್ ದಂಗೆಯಲ್ಲಿ ಸೇರಿ ದೇಶ ಬಿಟ್ಟು ಓಡಿದವನು ವಾಗ್ನರ್. ಮೈತುಂಬ ಸಾಲ. 1864ರಲ್ಲಿ ಜರ್ಮನ್ ರಾಜ್ಯ ಬವೇರಿಯಾದ ಪಟ್ಟಕ್ಕೆ ಬಂದ 18ರ ಹುಡುಗ, ರಾಜ ಲುಡ್ವಿಗ್, ಅವನನ್ನು ಕರೆಸಿಕೊಂಡು ಕೈಹಿಡಿದ. 1876ರಲ್ಲಿ ಬೈರಾಯ್ಟ್‌ನಲ್ಲಿ ಅವನದೇ ಒಪೆರಾ ಥಿಯೇಟರ್ ಶುರುವಾಯಿತು.

ಕಥೆ ಸಿಕ್ಕಿತು, ಸಂಗೀತ ಸಿಗಲಿಲ್ಲ! ವಾಗ್ನರ್ ಮನೆಯವರು ಅವನ ಸಂಗೀತ ಬಳಸುವ ಹಕ್ಕಿಗೆ ಕೇಳಿದ ದುಡ್ಡು ಮೆಸ್ಟರ್ ಕೈಗೆಟುಕುವಂತಿರಲಿಲ್ಲ. ತಮಾಷೆ ನೋಡಿ, ಆಗಿನ ಜರ್ಮನ್ ಕಾನೂನಿನಲ್ಲಿ ಹಕ್ಕು ಉಳಿಯುತ್ತಿದ್ದದ್ದು ಸತ್ತ ಮೇಲೆ 30 ವರ್ಷ. ವಾಗ್ನರ್ ಸತ್ತದ್ದು 1883ರಲ್ಲಿ. ಇನ್ನು ಕೆಲವೇ ತಿಂಗಳು ಕಾದಿದ್ದರೆ ಎಲ್ಲ ಪುಕ್ಕಟೆ. ಆದರೆ ಅವನು ಹುಟ್ಟಿ ನೂರು ವರ್ಷವಾದ ಸಡಗರ ಇದ್ದದ್ದು 1913ರಲ್ಲೇ. ಕಾಯುವವರು ಯಾರು?

ವಾಗ್ನರ್ ಪಾತ್ರ ಮಾಡಿದ ಇಟಲಿಯ ಜುಸೆಪ್ಪೆ ಬೆಚ್ಚೆ ಕಸುಬಿನಿಂದ ನಟನಲ್ಲ, ಸಂಗೀತಗಾರ. ಮುಖ ಹೋಲುತ್ತಿತ್ತು. ಕೊನೆಗೆ ಸಂಗೀತದ ಹೊಣೆಯೂ ಅವನ ತಲೆಗೇ ಬಂತು. ಮೊಜಾರ್ಟ್, ಬೀಥೋವನ್ ಅವರದ್ದನ್ನು ಅಲ್ಲಲ್ಲಿ ತೆಗೆದುಕೊಂಡ, ತನ್ನದನ್ನೂ ಸೇರಿಸಿದ, ಹೇಗೋ ನಿಭಾಯಿಸಿದ.

ಇದನ್ನು ಸುಮ್ನೆ ಒಂದು ಜೋಕಿನ ಹಾಗೆ ಹೇಳಿ ಮುಗಿಸುವವರೇ ಜಾಸ್ತಿ. ನನಗೆ ಸಿನಿಮಾದಲ್ಲಿ ನಿಜವಾಗಿ ಕುತೂಹಲ ಹುಟ್ಟಿಸುವುದೇ ಈ ಭಾಗ. ಉಳಿದದ್ದು ಭಕ್ತಿಯಿಂದ ಮಾಡಿದ ಜೀವನಚರಿತ್ರೆ, ಅಷ್ಟೇ. ಅಲ್ಲಿಂದ ಇಲ್ಲಿಂದ ತಂದು ದೃಶ್ಯಕ್ಕೆ ಹೊಂದಿಸುವ ಈ ಕೆಲಸವನ್ನೇ ಬೆಚ್ಚೆ ಮುಂದೆ ಕಸುಬು ಮಾಡಿಕೊಂಡ. 1919ರಿಂದ ಅವನು ಪ್ರಕಟಿಸಿದ 'ಕಿನೋಥೆಕ್' ಸಂಪುಟಗಳಲ್ಲಿ ಸನ್ನಿವೇಶಕ್ಕೆ, ಭಾವಕ್ಕೆ ತಕ್ಕ ತುಣುಕುಗಳು ಸಿದ್ಧವಾಗಿ ಸಿಗುತ್ತಿದ್ದವು. ಥಿಯೇಟರಿನ ವಾದ್ಯದವರು ಬೇಕಾದ್ದನ್ನು ಆರಿಸಿಕೊಂಡರೆ ಸಾಕಿತ್ತು.

ಅದಕ್ಕೇ ಈ ಸಿನಿಮಾವನ್ನು ಈಗ ತೋರಿಸುವವರು 'ಕೊರತೆ ತುಂಬುತ್ತೇವೆ' ಅಂತ ವಾಗ್ನರ್‌ನ ಅಸಲಿ ಸಂಗೀತ ಹಾಕಿದರೆ ನನ್ನ ತಕರಾರಿದೆ. ಅದನ್ನು ಎಲ್ಲಿ ಬೇಕಾದರೂ ಕೇಳಬಹುದು. ಇಲ್ಲಿ ಬೆಚ್ಚೆ ಹೊಂದಿಸಿದ್ದನ್ನೇ ನುಡಿಸಲಿ.