ಎರಡನೇ ಹಂತ ಕಾಣದ ಊರು

ಕರಾವಳಿಯ ಪುಟ್ಟ ಪಟ್ಟಣವೊಂದು ಎಷ್ಟು ಉದ್ಧಾರವಾಗಿದೆ ಎಂದು ತಿಳಿಯಲು ಪಟ್ಟಣ ಪಂಚಾಯಿತಿಯ ಕಡತ ಬಿಚ್ಚಬೇಕಾಗಿಲ್ಲ. ಬಂದರಿನ ಬದಿಯ ಕೋಳಿಗೂಡು, ಸೌದೆ ಕೊಟ್ಟಿಗೆಗಳ ಮಾಡನ್ನು ನೋಡಿದರೆ ಸಾಕು. ಕಂಪನಿಗಳು ಸಮಾಜಸೇವೆಗೆಂದು ಬಂದು ಬಿಟ್ಟುಹೋದ, ಈಗ ಮಳೆ ಸೋರದಂತೆ ಹೊದೆಸಿದ ಫ್ಲೆಕ್ಸ್‌ಗಳಲ್ಲಿ ಇತಿಹಾಸವೆಲ್ಲ ಬಣ್ಣಬಣ್ಣವಾಗಿ ದಾಖಲಾಗಿರುತ್ತದೆ. ‘ಸ್ವಚ್ಛ ಕಡಲು, ಹಂತ 1’. ‘ಮೀನುಗಾರ ಮಹಿಳೆಯರ ಸಬಲೀಕರಣ, ಹಂತ 1’. ‘ಪ್ಲಾಸ್ಟಿಕ್ ಮುಕ್ತ ತೀರ, ಹಂತ 1’. ಎರಡನೇ ಹಂತವನ್ನು ಹೊದ್ದ ಕೋಳಿಗೂಡು ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಹಾಗೆಂದು ಹಳಿಯುವುದೂ ನ್ಯಾಯವಲ್ಲ. ಈ ಯೋಜನೆಗಳಿಂದ ಸೂರು ಸಿಕ್ಕಿದ್ದು ಕೋಳಿಗಳಿಗಾದರೂ ನಿಜ.

ಪ್ಲಾಸ್ಟಿಕ್ ವಿರುದ್ಧದ ಹೋರಾಟಕ್ಕೆ ಪ್ಲಾಸ್ಟಿಕ್ ಫ್ಲೆಕ್ಸೇ ಏಕೆ ಎಂದು ಕೆಲವು ಕುಚೋದ್ಯಗಾರರು ಕೇಳುತ್ತಾರೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಕೈಚೀಲ, ತಟ್ಟೆ, ಲೋಟಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳನ್ನು ಮತ್ತೊಮ್ಮೆ ನಿಷೇಧಿಸಿತು. ಎರಡೆರಡು ಸರ್ಕಾರಗಳು ಸೇರಿ ಸಾಯಿಸಿದರೂ ಸಾಯದ ವಸ್ತುವಿನ ಮೇಲೆ ಬರೆದರೆ ತಾನೇ ಸಂದೇಶ ಶಾಶ್ವತವಾಗಿ ಉಳಿಯುವುದು?

ಇನ್ನು ‘ಹಂತ 1’ರ ಮಹಿಮೆ. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. 2014ರ ಜೂನ್‌ನಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ, ಮ್ಯಾರಥಾನ್, ಪ್ರಶಸ್ತಿ ಪ್ರದಾನ, ಜಾಹೀರಾತು ಮುಂತಾದ ಒಂದು ಸಲದ ಕಾರ್ಯಕ್ರಮಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಕೆಲಸ ಯೋಜನೆಯ ರೂಪದಲ್ಲಿಯೇ ಇರಬೇಕು ಎಂದುಬಿಟ್ಟಿತು. ಕಂಪನಿಯ ಸ್ವಯಂಸೇವಕರು ಶನಿವಾರ ಬೆಳಿಗ್ಗೆ ಬಂದು ಸಂಜೆ ಹೊರಡುವ ಪ್ರವಾಸವನ್ನು ಯೋಜನೆ ಎನ್ನುವುದು ಹೇಗೆ? ಅದರ ಮುಂದೆ ‘ಹಂತ 1’ ಎಂದು ಬರೆದರಾಯಿತು. ಎರಡು, ಮೂರು, ನಾಲ್ಕನೇ ಹಂತಗಳು ಎಲ್ಲೋ ದಾರಿಯಲ್ಲಿವೆ ಎಂಬ ಭರವಸೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಒಂದು ಅಂಕಿಯಿಂದ ಇಷ್ಟು ಕೆಲಸ ತೆಗೆದ ಲೆಕ್ಕಪರಿಶೋಧಕನಿಗೆ ರಾಜ್ಯೋತ್ಸವ ಪ್ರಶಸ್ತಿ ಇನ್ನೂ ಬಂದಿಲ್ಲವೆಂಬುದು ನನ್ನ ದೂರು.

ಊರಿನ ಆಯ್ಕೆಯೂ ಸುಲಭವಲ್ಲ. 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ‘ನೀಲಿ ಬಾವುಟ’ದ (ಬ್ಲೂ ಫ್ಲ್ಯಾಗ್) ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಪಡುಬಿದ್ರಿ, ಕಾಸರಕೋಡು ತೀರಗಳು ಈ ಸೇವೆಗೆ ಸಂಪೂರ್ಣ ಅನರ್ಹ. ಅಲ್ಲಿ ಬಾವುಟ ಉಳಿಸಿಕೊಳ್ಳಲೆಂದು ದಿನವೂ ಗುಡಿಸುತ್ತಾರೆ, ಹೋದವರಿಗೆ ಹೆಕ್ಕಲು ಏನು ಸಿಗಬೇಕು? ಕಸ ಬೇಕು, ಆದರೆ ನಾರಬಾರದು. ಬಡತನ ಬೇಕು, ಆದರೆ ಹತ್ತಿರದಲ್ಲಿ ಹವಾನಿಯಂತ್ರಿತ ರೆಸಾರ್ಟ್ ಇರಬೇಕು. ಇವೆಲ್ಲ ಕೂಡಿಬಂದ ಮೇಲೂ ಅಪಾಯ ತಪ್ಪಿದ್ದಲ್ಲ. ಊರಿನ ಪೌರಕಾರ್ಮಿಕರು ಅಭ್ಯಾಸಬಲದಿಂದ ಹಿಂದಿನ ದಿನವೇ ತೀರವನ್ನು ಗುಡಿಸಿಬಿಟ್ಟರೆ ಕಾರ್ಯಕ್ರಮವೇ ಕೆಟ್ಟಂತೆ. ಆದ್ದರಿಂದ ‘ಶುಕ್ರವಾರ ದಯವಿಟ್ಟು ಯಾರೂ ಸ್ವಚ್ಛಗೊಳಿಸಬಾರದು’ ಎಂಬ ಮನವಿ ಮೊದಲೇ ಹೋಗಿರುತ್ತದೆ. ವರ್ಷವಿಡೀ ಸಲ್ಲಿಸಿದ ಮನವಿಗಳ ಪೈಕಿ ಪಂಚಾಯಿತಿ ತಕ್ಷಣ ಈಡೇರಿಸುವುದು ಇದೊಂದನ್ನೇ.

ಬಸ್ಸಿನಿಂದಿಳಿದವರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಕೈಗವಸು ಹಾಕಿಕೊಂಡು, ಡ್ರೋನ್ ಮೇಲೇರುವವರೆಗೆ ಕಾಯುತ್ತಾರೆ. ಅದು ಏರಿದ ಮೇಲೆಯೇ ಬಾಗುವುದು. ಹೆಕ್ಕಿದ ಕಸದ ಜೊತೆಗೆ ತಾವು ಕುಡಿದೆಸೆದ ನೀರಿನ ಬಾಟಲಿಗಳನ್ನೂ ತುಂಬಿಸಿ ಮೂಟೆ ಕಟ್ಟಿ ರಸ್ತೆಬದಿ ಪೇರಿಸುತ್ತಾರೆ. ಮರುದಿನ ಭಾನುವಾರ, ಕಸದ ಗಾಡಿ ಬರುವುದಿಲ್ಲ. ಸೋಮವಾರದ ಹೊತ್ತಿಗೆ ನಾಯಿಗಳು ಮತ್ತು ಕಾಗೆಗಳು ಆ ಮೂಟೆಗಳ ಪುನರ್ವಿತರಣೆಯನ್ನು ಮುಗಿಸಿರುತ್ತವೆ.

ಮಧ್ಯಾಹ್ನ ಸಮುದಾಯದೊಂದಿಗೆ ಸಂವಾದ. ‘ಸಮುದ್ರಕ್ಕೂ ವಿಶ್ರಾಂತಿ ಬೇಕು’ ಎಂದು ಇಪ್ಪತ್ತೈದರ ಯುವಕನೊಬ್ಬ ಹಲಗೆಯ ಮೇಲೆ ಮೀನಿನ ಚಿತ್ರ ಬರೆದು ವಿವರಿಸುತ್ತಾನೆ. ಕೇಳುತ್ತ ಕೂತವರು ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಸರ್ಕಾರದ ಮೀನುಗಾರಿಕೆ ನಿಷೇಧಕ್ಕೆ ತಲೆಬಾಗಿ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ಕಟ್ಟಿ ಸಾಲದಲ್ಲಿ ಒಲೆ ಉರಿಸುವವರು. ಅವರಲ್ಲೊಬ್ಬರು ಮರ್ಯಾದೆಯಿಂದ, ‘ಹೌದು ಸರ್, ವಿಶ್ರಾಂತಿ ಬೇಕು’ ಎನ್ನುತ್ತಾರೆ. ಮನಪರಿವರ್ತನೆ ಆಯಿತೆಂದು ಟಿಪ್ಪಣಿಯಾಗುತ್ತದೆ.

‘ನಿಮ್ಮ ಅಗತ್ಯಗಳೇನು?’ ಎಂಬ ಪ್ರಶ್ನೆಯೂ ಕಾರ್ಯಸೂಚಿಯಲ್ಲಿದೆ.

‘ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿದೆ ಸರ್. ದೋಣಿ ಮಗುಚುತ್ತದೆ. ಅದನ್ನು ತೆಗೆಸಿಕೊಟ್ಟರೆ ಉಪಕಾರ.’

‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂಕಲ್. ಬೇರೇನಾದರೂ ಹೇಳಿ.’

‘ಮೀನು ಮಾರುವ ಹೆಂಗಸರಿಗೆ ಒಂದು ಶೌಚಾಲಯ?’

‘ಕಟ್ಟಡವೆಂದರೆ ಅನುಮತಿ ಬೇಕಾಗುತ್ತದೆ ಆಂಟಿ. ಸದ್ಯಕ್ಕೆ ಕೈತೊಳೆಯುವ ಕ್ರಮದ ಬಗ್ಗೆ ಒಂದು ಕಿರುನಾಟಕ ತಂದಿದ್ದೇವೆ.’

ನಾಟಕ ಚೆನ್ನಾಗಿಯೇ ಇತ್ತಂತೆ. ನೀರಿನ ಪಾತ್ರವನ್ನು ನೀಲಿ ಬಟ್ಟೆ ವಹಿಸಿತ್ತು. ಊರಿನ ನಲ್ಲಿಯಲ್ಲಿ ನೀರು ಬರದ ದಿನಗಳಿಗೆ ಇದು ಹೇಳಿಮಾಡಿಸಿದ ರಂಗತಂತ್ರ.

ವೇದಿಕೆ, ಶಾಲು, ಸ್ಮರಣಿಕೆ, ವಂದನಾರ್ಪಣೆಗಳನ್ನು ಓದುಗರು ಊಹಿಸಿಕೊಳ್ಳಬಲ್ಲರು. ನಿಜವಾದ ಪ್ರತಿಭೆ ಅರಳುವುದು ವರದಿಯಲ್ಲಿ. ಕರಪತ್ರ ಪಡೆದವರು ನೇರ ಫಲಾನುಭವಿಗಳು. ಅವರ ಪಡಿತರ ಚೀಟಿಯಲ್ಲಿರುವವರೆಲ್ಲ ಪರೋಕ್ಷ ಫಲಾನುಭವಿಗಳು. ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚಿದ್ದರಿಂದ ಬೇರೆ ಊರಿಗೆ ಹೊರಟಿದ್ದವರೂ ಕುಟುಂಬಸಮೇತ ಉದ್ಧಾರವಾಗುತ್ತಾರೆ. ಮೀನು ಮಾರುವಾಕೆ ಅದೇ ಕರಪತ್ರದಲ್ಲಿ ಒಣಮೀನು ಕಟ್ಟಿಕೊಟ್ಟರೆ ಗಿರಾಕಿಯೂ ಪಟ್ಟಿಗೆ ಸೇರುತ್ತಾನೆ. ಡ್ರೋನ್ ವಿಡಿಯೊ ನೋಡಿದವರನ್ನು ಕೂಡಿಸುವ ಹೊತ್ತಿಗೆ ಫಲಾನುಭವಿಗಳ ಸಂಖ್ಯೆ ಊರಿನ ಜನಸಂಖ್ಯೆಯನ್ನು ದಾಟಿ ತಾಲ್ಲೂಕಿನ ಗಡಿ ಮುಟ್ಟಿರುತ್ತದೆ. ಆಡಳಿತ ವೆಚ್ಚ ಶೇ 5 ಮೀರಬಾರದೆಂಬ ನಿಯಮವೂ ಪಾಲನೆಯಾಗಿರುತ್ತದೆ, ಏಕೆಂದರೆ ರೆಸಾರ್ಟಿನ ಬಾಡಿಗೆ ‘ಕ್ಷೇತ್ರಕಾರ್ಯ’ ಎಂಬ ಶೀರ್ಷಿಕೆಯಡಿ ಸುರಕ್ಷಿತವಾಗಿ ಮಲಗಿದೆ.

ಕೊನೆಗೆ ಮೌಲ್ಯಮಾಪನ. ಯೋಜನೆಯ ಪರಿಣಾಮ ಅರಿಯಲು ಪ್ರಶ್ನಾವಳಿಯನ್ನು ಹಂಚುವುದು ಹೋಗಿಬಂದ ಸ್ವಯಂಸೇವಕರಿಗೇ. ಎಲ್ಲರೂ ‘ಬದುಕನ್ನೇ ಬದಲಿಸಿದ ಅನುಭವ’ ಎಂದು ಬರೆದಿದ್ದಾರೆ. ಸಮುದ್ರಸ್ನಾನಕ್ಕೆ ಸಮಯ ಸಾಲಲಿಲ್ಲವೆಂಬ ಒಂದು ದೂರು ಮಾತ್ರ ಬಹುಮತದಿಂದ ಬಂದಿದೆ. ಮುಂದಿನ ಊರಿನ ‘ಹಂತ 1’ರಲ್ಲಿ ಕಸ ಹೆಕ್ಕುವ ಅವಧಿಯನ್ನು ಅರ್ಧ ಗಂಟೆಗೆ ಇಳಿಸಲು ಸಮಿತಿ ಅವಿರೋಧವಾಗಿ ಒಪ್ಪಿದೆ.