ಆರೋಗ್ಯಕ್ಕೆಂದೇ ಗ್ರೀನ್ ಟೀ ಕುಡಿಯಬೇಕೆ? ಪರ – ವಿರೋಧ

ಪರ

ಗ್ರೀನ್ ಟೀ ಬೇರೊಂದು ಗಿಡದ ಎಲೆಯಲ್ಲ. ನಾವು ಹಾಲು, ಸಕ್ಕರೆ ಹಾಕಿ ಕುದಿಸುವ ಚಹಾಪುಡಿಯೂ ಇದೂ ಒಂದೇ ಗಿಡದ್ದು. ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಅದರೊಳಗಿನ ಕಿಣ್ವಗಳು ಕೆಲಸ ಮಾಡಿ ಎಲೆ ಕಪ್ಪಾಗುತ್ತದೆ. ಚೀನಾದವರು ಬಿಸಿ ಬಾಣಲೆಯಲ್ಲಿ ಹುರಿದು, ಜಪಾನಿನವರು ಹಬೆಯಲ್ಲಿ ಬೇಯಿಸಿ ಆ ಕಿಣ್ವಗಳನ್ನು ಆರಂಭದಲ್ಲೇ ಅಡಗಿಸುತ್ತಾರೆ. ಎಲೆಯ ಬಣ್ಣದ ಜೊತೆಗೆ ಅದರ ಒಗರಿಗೆ ಕಾರಣವಾದ ಕ್ಯಾಟೆಚಿನ್‌ಗಳೂ ಬಹುಪಾಲು ಉಳಿದುಕೊಳ್ಳುತ್ತವೆ. ಆರೋಗ್ಯದ ಮಾತೆಲ್ಲ ಸುತ್ತುವುದು ಈ ಒಗರಿನ ಸುತ್ತಲೇ.

ಈ ಮಾತು ನಿನ್ನೆ ಮೊನ್ನೆಯದಲ್ಲ. ಜಪಾನಿನ ಜೆನ್ ಸನ್ಯಾಸಿ ಐಸಾಯ್, ಚಹಾ ಕುಡಿದು ಆಯುಸ್ಸು ಕಾಪಾಡಿಕೊಳ್ಳುವ ಬಗೆಯನ್ನು ಕುರಿತೇ 1211ರಲ್ಲಿ ಒಂದು ಗ್ರಂಥ ಬರೆದನು. ಮೂರು ವರ್ಷಗಳ ನಂತರ, ಹಿಂದಿನ ರಾತ್ರಿಯ ಮದ್ಯದ ಅಮಲಿಳಿಯದೆ ನರಳುತ್ತಿದ್ದ ಶೋಗನ್ (ಜಪಾನಿನ ಸೇನಾ ಆಡಳಿತದ ಮುಖ್ಯಸ್ಥ) ಸನೆಟೊಮೊನಿಗೆ ಅವನು ಒಂದು ಬಟ್ಟಲು ಚಹಾವನ್ನೂ ಜೊತೆಗೆ ತನ್ನ ಗ್ರಂಥವನ್ನೂ ಒಪ್ಪಿಸಿದನೆಂದು ದಾಖಲೆಯಿದೆ. ಮದ್ದಿನ ಜೊತೆ ಓದುವುದಕ್ಕೂ ಕೊಟ್ಟ ವೈದ್ಯರು ವಿರಳ! ದೀರ್ಘ ಧ್ಯಾನದಲ್ಲಿ ತೂಕಡಿಕೆ ಬಾರದಿರಲೆಂದು ಸನ್ಯಾಸಿಗಳು ಇದನ್ನೇ ಕುಡಿಯುತ್ತಿದ್ದರು. ನಮ್ಮ ದೇಶದಲ್ಲೂ ಹಸಿರೆಲೆಗೆ ನೆಲೆಯಿದೆ. ಕಾಶ್ಮೀರದ ಮನೆಗಳಲ್ಲಿ ಕೇಸರಿ, ಏಲಕ್ಕಿ, ಚಕ್ಕೆ ಹಾಕಿ, ಮೇಲೆ ಬಾದಾಮಿ ಚೂರು ಉದುರಿಸಿ ಕೊಡುವ ಕಹ್ವಾ ಹಸಿರು ಚಹಾವೇ. ಹಿಮಾಚಲದ ಕಾಂಗ್ಡಾ ಕಣಿವೆಯ ಹಸಿರು ಚಹಾ 1905ರ ಭೂಕಂಪದ ಪೆಟ್ಟು ತಿಂದೂ ಉಳಿದುಬಂದಿದೆ.

ಪರಂಪರೆಯ ಮಾತು ಸಾಲದೆನ್ನುವವರಿಗೆ ಎಣಿಕೆಯೂ ಇದೆ. ಜಪಾನಿನ ಓಸಾಕಿ ಪ್ರದೇಶದಲ್ಲಿ ಸುಮಾರು 40,500 ವಯಸ್ಕರನ್ನು ಹನ್ನೊಂದು ವರ್ಷಗಳವರೆಗೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುತ್ತಿದ್ದವರ ಮರಣ ಪ್ರಮಾಣವು ಒಂದು ಬಟ್ಟಲಿಗಿಂತ ಕಡಿಮೆ ಕುಡಿಯುತ್ತಿದ್ದವರಿಗಿಂತ ಗಂಡಸರಲ್ಲಿ ಶೇ. 12ರಷ್ಟು, ಹೆಂಗಸರಲ್ಲಿ ಶೇ. 23ರಷ್ಟು ಕಡಿಮೆಯಿತ್ತು, ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ವಿಷಯದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತಿತ್ತು.

ಕಹಿ ಎಂದು ದೂರುವವರಲ್ಲಿ ಹೆಚ್ಚಿನವರು ಕುದಿಯುವ ನೀರು ಸುರಿದು ಎಲೆಯನ್ನು ಬೇಯಿಸಿದವರು. ನೀರು ಕುದಿದ ಮೇಲೆ ಒಲೆಯಿಂದಿಳಿಸಿ ನಾಲ್ಕೈದು ನಿಮಿಷ ಆರಲು ಬಿಟ್ಟು, ಎರಡು ನಿಮಿಷ ಮಾತ್ರ ಎಲೆ ನೆನೆಸಿ ಸೋಸಿದರೆ, ತಿಳಿ ಹಳದಿ ಬಣ್ಣದ, ಹಸಿ ಹುಲ್ಲಿನ ಘಮವಿರುವ ಪಾನೀಯ ಸಿಗುತ್ತದೆ. ಸಂಜೆಯ ಸಕ್ಕರೆ ಚಹಾದ ಜಾಗದಲ್ಲಿ ಇದು ಬಂದು ಕೂತರೆ, ಕ್ಯಾಟೆಚಿನ್‌ಗಳ ಮಾತು ಹಾಗಿರಲಿ, ಎರಡು ಚಮಚ ಸಕ್ಕರೆ ತಪ್ಪಿದ್ದೇ ಲಾಭ.

ವಿರೋಧ

ಲಾಭ ಸಕ್ಕರೆ ತಪ್ಪಿದ್ದರಿಂದ ಎಂದಾದರೆ, ಮಜ್ಜಿಗೆಗೂ ಜೀರಿಗೆ ಕಷಾಯಕ್ಕೂ ಅದೇ ಗೌರವ ಸಲ್ಲಬೇಕಲ್ಲವೇ? ಐಸಾಯ್‌ನ ಗ್ರಂಥವನ್ನೇ ನೋಡೋಣ. ದೇಹದ ಐದು ಅಂಗಗಳಿಗೆ ಐದು ರುಚಿಗಳು, ಹೃದಯಕ್ಕೆ ಬೇಕಾದದ್ದು ಕಹಿ, ಚಹಾ ಕಹಿ, ಆದ್ದರಿಂದ ಚಹಾ ಹೃದಯಕ್ಕೆ ಹಿತ ಎಂಬುದು ಅವನ ತರ್ಕ. ಅದನ್ನು ಹಳೆಯದೆಂದು ಗೌರವಿಸಬಹುದೇ ಹೊರತು ಪುರಾವೆ ಎನ್ನಲಾಗದು.

ಓಸಾಕಿಯ ಅಂಕಿಗಳಲ್ಲೂ ಹೇಳದೆ ಉಳಿದದ್ದಿದೆ. ಅದೇ ಅಧ್ಯಯನದಲ್ಲಿ ಕ್ಯಾನ್ಸರ್ ಮರಣಕ್ಕೂ ಗ್ರೀನ್ ಟೀಗೂ ನಂಟು ಕಾಣಲಿಲ್ಲ. ಅದು ಕುಡಿಯುವವರನ್ನು ಗಮನಿಸಿದ ಅಧ್ಯಯನ, ಕುಡಿಸಿ ನೋಡಿದ ಪ್ರಯೋಗವಲ್ಲ. ಹೆಚ್ಚು ಚಹಾ ಕುಡಿಯುವವರ ಉಳಿದ ಜೀವನಕ್ರಮವನ್ನು ಲೆಕ್ಕದಿಂದ ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ. ಹೃದಯರೋಗ ತಡೆಯುತ್ತದೆಂದು ಲೇಬಲ್ ಮೇಲೆ ಹಾಕಲು ಅನುಮತಿ ಕೇಳಿದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲಿ ನಿರಾಕರಿಸಿತು.

ಆದರೂ ಅಂಗಡಿಯ ಡಬ್ಬಿಗಳ ಮೇಲೆ ಸಣ್ಣ ಸೊಂಟದ ಚಿತ್ರ ತಪ್ಪುವುದಿಲ್ಲ. ಗ್ರೀನ್ ಟೀಯಿಂದ ತೂಕ ಇಳಿಯುವ ಕುರಿತ ಪ್ರಯೋಗಗಳನ್ನು 2012ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟುಗೂಡಿಸಿ ನೋಡಿದಾಗ, ಜಪಾನಿನ ಹೊರಗೆ ನಡೆದವುಗಳಲ್ಲಿ ಇಳಿದ ತೂಕ ಸರಾಸರಿ 0.04 ಕೆ.ಜಿ., ಅಂದರೆ ನಲವತ್ತು ಗ್ರಾಂ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದರೂ ತಕ್ಕಡಿಯ ಮುಳ್ಳು ಅದಕ್ಕಿಂತ ಹೆಚ್ಚು ಅಲ್ಲಾಡುತ್ತದೆ.

ಉಪಯೋಗವಿಲ್ಲದಿದ್ದರೆ ಹೋಗಲಿ ಎಂದು ಬಿಡುವಂತೆಯೂ ಇಲ್ಲ. ಒಗರಿನ ಅದೇ ಸಂಯುಕ್ತಗಳು ಸಸ್ಯಾಹಾರದ ಕಬ್ಬಿಣಾಂಶಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರುವುದನ್ನು ಕುಗ್ಗಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಸೊಪ್ಪಿನ ಸಾರು, ರಾಗಿಮುದ್ದೆ ಉಂಡ ಕೂಡಲೇ ಜೀರ್ಣಕ್ಕೆ ಒಳ್ಳೆಯದೆಂದು ಗ್ರೀನ್ ಟೀ ಕುಡಿಯುವ ಹೆಣ್ಣುಮಗಳು, ಊಟದಲ್ಲಿ ಸಿಕ್ಕ ಕಬ್ಬಿಣಾಂಶದಲ್ಲಿ ಒಂದು ಪಾಲನ್ನು ಲೋಟದಲ್ಲೇ ಕಳೆದುಕೊಳ್ಳುತ್ತಾಳೆ. ಕುಡಿಯಲೇಬೇಕಿದ್ದರೆ ಊಟಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಇನ್ನು ಸಾರವನ್ನು ಗಟ್ಟಿ ಮಾಡಿ ತುಂಬಿದ ಗುಳಿಗೆಗಳು. ಇಂಥ ಪೂರಕಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಎಂಬ ಕ್ಯಾಟೆಚಿನ್ ಒಳಹೋದರೆ, ಯಕೃತ್ತಿಗೆ ಪೆಟ್ಟಾಗಿರುವುದನ್ನು ಸೂಚಿಸುವ ಕಿಣ್ವಗಳು ರಕ್ತದಲ್ಲಿ ಏರುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಒಂದೆರಡು ಲೋಟ ಕುಡಿಯುವವರು ಇದಕ್ಕೆ ಹೆದರಬೇಕಿಲ್ಲ. ಲೋಟ ಕುಡಿಯಲು ಬೇಸರವೆಂದು ಗುಳಿಗೆ ನುಂಗುವವರು ಹೆದರಬೇಕು.

ಪರಪಕ್ಷದವರು ವರ್ಣಿಸಿದ ತಿಳಿ ಹಳದಿ ಪಾನೀಯ ನನಗೂ ಇಷ್ಟವೇ. ಆದರೆ ನಾನು ನೋಡಿದ ಮನೆಗಳಲ್ಲಿ ಕುದಿನೀರಿಗೆ ಬಿದ್ದ ಟೀ ಬ್ಯಾಗ್ ಹತ್ತು ನಿಮಿಷ ತೇಲಿಕೊಂಡೇ ಇರುತ್ತದೆ, ಕಹಿ ಮರೆಸಲು ಎರಡು ಚಮಚ ಜೇನು ಬೀಳುತ್ತದೆ, ಗ್ರೀನ್ ಟೀ ತಾನೇ ಎಂಬ ಧೈರ್ಯದಲ್ಲಿ ಪಕ್ಕಕ್ಕೊಂದು ತಟ್ಟೆ ಚಕ್ಕುಲಿಯೂ ಬರುತ್ತದೆ.